ಕೈ ಕಸೂತಿಗೆ ಬಟ್ಟೆ ಕೊಳ್ಳುವ ಮುಂಚೆ ಸೂಜಿ ಚುಚ್ಚಿ ನೋಡಿ

ಮುಂಬಯಿಯ ಬಟ್ಟೆ ಪೇಟೆ ಮಂಗಳದಾಸ್ ಮಾರ್ಕೆಟ್‌ಗೆ ಹೊರಟರೆ ನನ್ನ ಪರ್ಸ್‌ನಲ್ಲಿ ಒಂದು ಸೂಜಿ, ಮೊಳದುದ್ದ ದಾರ ಇದ್ದೇ ಇರುತ್ತದೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನೂಕಾಡಿಕೊಂಡು ಅಷ್ಟು ದೂರ ಹೋಗಿ, ತಪ್ಪು ಬಟ್ಟೆ ಹೊತ್ತುಕೊಂಡು ಬಂದರೆ ಯಾರಿಗೆ ಬೇಕು ಹೇಳಿ? ಅಂಗಡಿಯವರು ಥಾನು ಬಿಚ್ಚಿ "ಪ್ಯೂರ್ ಕಾಟನ್ ಹೈ ಮೇಡಂ" ಅನ್ನುವಷ್ಟರಲ್ಲಿ ನಾನು ಒಪ್ಪಿಗೆ ಕೇಳಿ ಅಂಚಿನಲ್ಲಿ ಎರಡು ಹೊಲಿಗೆ ಹಾಕಿರುತ್ತೇನೆ. ಕೆಲವರು ಮುಖ ಗಂಟಿಕ್ಕುತ್ತಾರೆ. ಅಂಥ ಕಡೆ ಕಾಲು ಮೀಟರ್ ಮಾತ್ರ ಕೊಳ್ಳಿ, ಇಲ್ಲವೇ ಕಟ್‌ಪೀಸ್ ಕೇಳಿ, ಮನೆಯಲ್ಲಿ ನೋಡಿದರಾಯಿತು.

ನಮ್ಮಲ್ಲಿ ಹೆಚ್ಚಿನವರು ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ರೇಟು. ಹೊಲಿಗೆಯ ನೆನಪಾಗುವುದು ಮನೆಗೆ ಬಂದ ಮೇಲೆ. ಇದನ್ನು ತಿರುಗಿಸಿಕೊಳ್ಳಿ. ಯಾವ ಹೊಲಿಗೆ, ಎಷ್ಟು ಎಳೆ ದಾರ (ಕಸೂತಿ ದಾರ ಬಿಡಿಸಿದರೆ ಸಿಗುವ ಸಣ್ಣ ಎಳೆಗಳ ಲೆಕ್ಕ), ಮುಗಿದ ಮೇಲೆ ಅದು ದಿಂಬಿನ ಕವರೋ ರವಿಕೆಯೋ ಗೋಡೆಗೆ ತೂಗುವುದೋ, ಇಷ್ಟು ಗೊತ್ತಿದ್ದರೆ ಅರ್ಧ ಮಾರ್ಕೆಟ್ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.

ನಮ್ಮ ಧಾರವಾಡದ ಕಸೂತಿಯಿಂದಲೇ ಶುರು ಮಾಡೋಣ, ಬಟ್ಟೆ ತಪ್ಪಾದರೆ ಜಾಸ್ತಿ ಕಾಡುವುದು ಅದೇ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆಗಳು. ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಹಾಗಾಗಿ ಎಳೆಗಳು ಕಣ್ಣಿಗೆ ಕಾಣಬೇಕು, ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡದ ಎಳೆ) ಎರಡೂ ಕಡೆ ಇಂಚಿಗೆ ಒಂದೇ ಲೆಕ್ಕ ಇರಬೇಕು. ಒಂದು ಹಳೇ ವಿಸಿಟಿಂಗ್ ಕಾರ್ಡ್‌ನಲ್ಲಿ 1 ಇಂಚಿನ ಚೌಕ ಕತ್ತರಿಸಿ ಬಟ್ಟೆ ಮೇಲಿಟ್ಟು, ಪಿನ್ ತುದಿಯಿಂದ ಅಡ್ಡ ಒಮ್ಮೆ, ಉದ್ದ ಒಮ್ಮೆ ಎಣಿಸಿ. ಎರಡೂ ಕಡೆ 28 ಬಂತೋ, ಕಣ್ಣು ಮುಚ್ಚಿ ತಗೊಳ್ಳಿ. ಒಂದು ಕಡೆ 28, ಇನ್ನೊಂದು ಕಡೆ 36 ಬಂದರೆ ಕಸೂತಿಯಲ್ಲಿ ಹಾಕುವ ಗೋಪುರದ ಚಿತ್ರ ಕುಳ್ಳಾಗುತ್ತದೆ, ಇಲ್ಲವೇ ಕೊಕ್ಕರೆ ಕಾಲಿನ ಹಾಗೆ ಉದ್ದವಾಗುತ್ತದೆ. ನಾನೊಮ್ಮೆ ಹಾಕಿದ ರಥ ನೋಡಿ ಮಗಳು ಎತ್ತಿನಗಾಡಿ ಅಂದಿದ್ದಳು.

ನಮ್ಮಜ್ಜಿ ಚಂದ್ರಕಾಳಿ ಸೀರೆಯ ಕಪ್ಪು ಎಳೆಗಳನ್ನು ಬರೀ ಕಣ್ಣಲ್ಲಿ ಎಣಿಸುತ್ತಿದ್ದರು, ಅದೂ ಸಂಜೆ ಹೊತ್ತು! ನನ್ನ ಹಾಗೆ ಚಾಳೀಸು ಬಂದವರಿಗೆ ಮ್ಯಾಟಿ ಬಟ್ಟೆಯೇ ಗತಿ. ಅದರಲ್ಲಿ ಎಳೆಗಳನ್ನು ಗುಂಪು ಗುಂಪಾಗಿ ನೇಯ್ದಿರುವುದರಿಂದ ಚೌಕಗಳು ಎದ್ದು ಕಾಣುತ್ತವೆ. ಇದೇ ತರಹದ ಐಡಾ ಬಟ್ಟೆಯಲ್ಲಿ 11, 14, 16, 18 ಅಂತ ನಂಬರ್ ಇರುತ್ತದೆ, ಅಂದರೆ ಇಂಚಿಗೆ ಅಷ್ಟು ಚೌಕ. ಹೊಸಬರಿಗೆ 14 ಸಾಕು. ನಿಮ್ಮ ಡಿಸೈನ್ 70 ಚೌಕ ಅಗಲ ಇದ್ದರೆ 70 ಭಾಗಿಸು 14, ಅಂದರೆ 5 ಇಂಚು. ಅದಕ್ಕೆ ನಾಲ್ಕೂ ಕಡೆ 3 ಇಂಚು ಸೇರಿಸಿ ಕೊಳ್ಳಿ, ಬಟ್ಟೆ ಬಿಗಿಯಾಗಿ ಹಿಡಿದಿಡುವ ರಿಂಗ್‌ಗೆ ಜಾಗ ಬೇಕಲ್ವಾ. 28ರ ಬಟ್ಟೆಯಲ್ಲಿ ಎರಡೆರಡು ಎಳೆ ಹಿಡಿದು ಹಾಕಿದರೂ ಇದೇ 5 ಇಂಚೇ ಬರುತ್ತದೆ.

ರೇಷ್ಮೆ ರವಿಕೆ ಮೇಲೆ ಮೆಂತಿ ಹಾಕುವ ಆಸೆಯಿದ್ದರೆ, ಎಳೆ ಬಿಡಿಸಬಹುದಾದ ಜಾಳಿ ಬಟ್ಟೆಯನ್ನು ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ಚೌಕ ಎಣಿಸುತ್ತಾ ಎರಡೂ ಬಟ್ಟೆ ಸೇರಿಸಿ ಹೊಲಿಯಿರಿ. ಮುಗಿದ ಮೇಲೆ ಜಾಳಿಯ ಒಂದೊಂದೇ ಎಳೆ ಎಳೆದು ತೆಗೆಯಿರಿ. ತಾಳ್ಮೆ ಬೇಕು, ಆದರೆ ಸಾಲು ಸೊಟ್ಟ ಆಗುವುದಿಲ್ಲ.

ಇನ್ನು ಹೂಬಳ್ಳಿ ಬರೆದುಕೊಂಡು ಹಾಕುವ ಸರಪಳಿ ಹೊಲಿಗೆ, ಸ್ಯಾಟಿನ್, ಲೇಜಿ ಡೇಜಿ, ಫ್ರೆಂಚ್ ನಾಟ್ ಹೊಲಿಗೆಗಳು. ಇಲ್ಲಿ ಎಣಿಕೆ ಇಲ್ಲ, ಬಟ್ಟೆಯ ಮೈ ನೋಡಬೇಕು. ದಿಂಬಿನ ಕವರ್, ಟೇಬಲ್ ಕ್ಲಾತ್‌ಗೆ ನನ್ನ ಓಟು ಕೇಸ್‌ಮೆಂಟ್ ಬಟ್ಟೆಗೆ. ದಪ್ಪವಿದೆ, ಎಳೆದರೆ ಸುಕ್ಕಾಗದು, 3-4 ಎಳೆ ದಾರ ಆರಾಮಾಗಿ ತಡೆಯುತ್ತದೆ. ಕರ್ಚೀಫು, ಮಗುವಿನ ಜುಬ್ಬಕ್ಕೆ ಕೇಂಬ್ರಿಕ್ ಅನ್ನುವ ತೆಳು ನಯದ ಹತ್ತಿ ಬಟ್ಟೆ, 1-2 ಎಳೆ ದಾರ. ಪಾಪ್ಲಿನ್ ನೇಯ್ಗೆ ಬಿಗಿ, ಸ್ಯಾಟಿನ್ ಹೊಲಿಗೆಯ ಅಂಚು ಅದರಲ್ಲಿ ನೀಟಾಗಿ ಕೂರುತ್ತದೆ, ಆದರೆ ದಪ್ಪ ದಾರ ಎಳೆಯುವಾಗ ಬೆರಳು ನೋಯುತ್ತದೆ. ಮಲ್‌ಮಲ್ ಮೇಲೆ ಶ್ಯಾಡೋ ವರ್ಕ್ ಬಹಳ ಚಂದ, ಹಿಂದಿನ ದಾರದ ನೆರಳು ಮುಂದೆ ಕಾಣುವುದೇ ಅದರ ಸೊಗಸು. ಅದೇ ಕಾರಣಕ್ಕೆ ಹಿಂದೆ ಬಿಟ್ಟ ಗಂಟು, ಹೂವಿಂದ ಹೂವಿಗೆ ಹಾರಿಸಿದ ದಾರ ಎಲ್ಲವೂ ಊರಿಗೆಲ್ಲ ಕಾಣುತ್ತದೆ. ಖಾದಿಯ ಎಳೆ ದಪ್ಪ-ಸಣ್ಣ ಇರುವುದರಿಂದ ಎಣಿಸುವ ಕೆಲಸಕ್ಕೆ ಬೇಡ, ಸರಪಳಿಗೆ ಬಲು ಚೆನ್ನ. ಕನ್ನಡಿ ಕೂರಿಸುವುದಾದರೆ ದಪ್ಪ ಬಟ್ಟೆಯೇ ಬೇಕು, ತೆಳುವಾದದ್ದು ಕನ್ನಡಿ ಭಾರಕ್ಕೆ ಜೋತು ಬೀಳುತ್ತದೆ. ಜಾರ್ಜೆಟ್, ಟೀ ಶರ್ಟ್ ಬಟ್ಟೆ ಮೊದಲ ಸಲಕ್ಕೆ ಬೇಡವೇ ಬೇಡ. ಒಂದು ಜಾರುತ್ತದೆ, ಇನ್ನೊಂದು ಹಿಗ್ಗುತ್ತದೆ.

ಈಗ ಸೂಜಿ ಪರೀಕ್ಷೆ. ಹಾಕಬೇಕೆಂದಿರುವಷ್ಟೇ ಎಳೆ ಪೋಣಿಸಿ ನಾಲ್ಕು ಹೊಲಿಗೆ ಹಾಕಿ. ದಾರ ಕಿರ್ರೆನ್ನದೆ ದಾಟಬೇಕು, ಸುತ್ತಲ ಬಟ್ಟೆ ಮುದುಡಬಾರದು. ಆಮೇಲೆ ಹೊಲಿಗೆ ಬಿಚ್ಚಿ ಆ ತೂತುಗಳ ಮೇಲೆ ಉಗುರಿನಿಂದ ಮೆಲ್ಲಗೆ ಉಜ್ಜಿ. ತೂತು ಮುಚ್ಚಿಕೊಂಡರೆ ಆ ಬಟ್ಟೆಯಲ್ಲಿ ತಪ್ಪು ಮಾಡಬಹುದು, ಬಿಚ್ಚಬಹುದು. ಹಾಗೇ ಉಳಿದರೆ, ಕೆಲವು ಬಿಗಿ ರೇಷ್ಮೆ, ಗರಿಗರಿ ಟಫೆಟಾ ಬಟ್ಟೆಗಳಲ್ಲಿ ಉಳಿಯುತ್ತದೆ, ಕೈ ಪಳಗುವವರೆಗೆ ದೂರ ಇಡಿ.

"ಪ್ಯೂರ್ ಕಾಟನ್" ವಿಷಯ ಮನೆಯಲ್ಲಿ ತೀರ್ಮಾನ ಮಾಡಿ. ಹಾಸಿನಿಂದ ಎರಡೆಳೆ, ಹೊಕ್ಕಿನಿಂದ ಎರಡೆಳೆ ಬೇರೆ ಬೇರೆ ಕಿತ್ತುಕೊಳ್ಳಿ, ಮಿಶ್ರಣ ಒಂದೇ ಕಡೆ ಇರಬಹುದು. ಸ್ಟೀಲ್ ತಟ್ಟೆ ಮೇಲೆ, ನಲ್ಲಿ ಪಕ್ಕ, ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರಣ ಅಂದರೆ ಕೆಟ್ಟದ್ದು ಅಂತಲ್ಲ, ದಿನಾ ಒಗೆಯುವ ವಸ್ತುವಿಗೆ ಒಳ್ಳೆಯದೇ. ಇಸ್ತ್ರಿ ಬಿಸಿ ಕಡಿಮೆ ಇಡಬೇಕು, ಅಷ್ಟೇ. ಹತ್ತಿಯ ದುಡ್ಡು ಕೊಟ್ಟು ಅದನ್ನು ತರಬೇಡಿ.

ಒಗೆಯದ ಹತ್ತಿ ಬಟ್ಟೆ ಮೇಲೆ ಮಾತ್ರ ಸೂಜಿ ಇಡಬೇಡಿ. ನಾನು ಇಟ್ಟಿದ್ದೆ. ಎರಡು ತಿಂಗಳು ಕೂತು ಹಾಕಿದ ಮಲ್ಲಿಗೆ ಬಳ್ಳಿ, ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿತು, ದಾರ ಕುಗ್ಗಲಿಲ್ಲ. ಹೂಗಳೆಲ್ಲ ಹಪ್ಪಳದ ಹಾಗೆ ಉಬ್ಬಿಕೊಂಡವು. ಹತ್ತಿ ಮೀಟರಿಗೆ 3-4 ಸೆಂ.ಮೀ. ಕುಗ್ಗುವುದು ಮಾಮೂಲು, ಅಷ್ಟು ಜಾಸ್ತಿ ಕೊಂಡು, ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಗಾಢ ಕೆಂಪು, ಕಪ್ಪು, ನೀಲಿಗೆ ಇನ್ನೊಂದು ಕೆಲಸ: ಒದ್ದೆ ಬಿಳಿ ಕರ್ಚೀಫಿನಿಂದ ಒತ್ತಿ ಉಜ್ಜಿ, ಬಣ್ಣ ಅಂಟಿದರೆ ಅದರ ಮೇಲೆ ಬಿಳಿ ದಾರ ಹಾಕುವ ಯೋಚನೆ ಬಿಡಿ. ಅಂಗಡಿಯ ಗಂಜಿಯೂ ಈ ನೀರಿನಲ್ಲೇ ಹೋಗುತ್ತದೆ, ಬಟ್ಟೆಯ ನಿಜವಾದ ಮೈ ಆಗಲೇ ಗೊತ್ತಾಗುವುದು. ಅಂಗಡಿಯಲ್ಲಿ ಗಡುಸಾಗಿ ನಿಂತಿದ್ದದ್ದು ಕೆಲವೊಮ್ಮೆ ಸೊಳ್ಳೆ ಪರದೆ ಆಗಿರುತ್ತದೆ.

ಕಲಿಯುವುದಕ್ಕಂತೂ ದುಡ್ಡೇ ಬೇಡ. ಮನೆಯಲ್ಲಿರುವ ಹಳೇ ಪಂಚೆ ನೂರು ಸಲ ಒಗೆದದ್ದು, ಕುಗ್ಗುವಷ್ಟೂ ಕುಗ್ಗಿದೆ, ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ತೀರಾ ಮೆತ್ತಗಿದ್ದರೆ ತಿಳಿಗಂಜಿ ಹಾಕಿ.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಬಯಿಯಲ್ಲಿ ಗಂಜಿ ಹಾಕಿದ ಬಟ್ಟೆ ಕಪಾಟಿನಲ್ಲಿ ಮಡಚಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಕೆಲಸ ನಿಲ್ಲಿಸಿದ ತಕ್ಷಣ ಸೂಜಿ, ರಿಂಗ್ ಎರಡೂ ತೆಗೆದುಬಿಡಿ. ಮಳೆಗಾಲದ ಗಾಳಿಗೆ ಸೂಜಿಯೂ ರಿಂಗಿನ ತಿರುಪೂ ತುಕ್ಕು ಹಿಡಿಯುತ್ತವೆ, ಬಿಳಿ ಕೇಂಬ್ರಿಕ್ ಮೇಲೆ ಆ ಕಲೆ ಕೂತರೆ ಅಲ್ಲೊಂದು ಹೂವು ಜಾಸ್ತಿ ಹಾಕಿ ಮುಚ್ಚಬೇಕು, ಬೇರೆ ದಾರಿಯಿಲ್ಲ.