ಉಬ್ಬಸದ ಮಗು ಇರುವ ಅಮ್ಮಂದಿರೇ, ರಾತ್ರಿಯ ಭಾರ ಹಂಚಿಕೊಳ್ಳಿ

ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ಗೋಡೆಯೆಲ್ಲ ತೇವ, ಬೂಷ್ಟು. ಉಬ್ಬಸದ ಮಕ್ಕಳಿಗೆ ಆಗಲೇ ಕಷ್ಟ ಜಾಸ್ತಿ. ರಾತ್ರಿಯಿಡೀ ಮಗುವಿನ ಉಸಿರು ಕೇಳುತ್ತಾ ಕೂತು, ಬೆಳಿಗ್ಗೆ ತೋಟದ ಕೂಲಿಗೆ ಹೋಗುವ ಅಕ್ಕಂದಿರು ನಮ್ಮಲ್ಲಿ ಎಷ್ಟೋ ಮಂದಿ. ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು.

ಹೆದರಿಕೆ ಕಡಿಮೆಯಾಗಲು ಒಂದು ಕಾಗದ ಬೇಕು. ಮುಂದಿನ ಸಲ ಡಾಕ್ಟರ್ ಹತ್ತಿರ ಕನ್ನಡದಲ್ಲೇ ಬರೆಸಿಕೊಳ್ಳಿ. ದಿನಾ ಕೊಡುವ ಇನ್ಹೇಲರ್ ಯಾವುದು, ಉಬ್ಬಸ ಬಂದಾಗ ಯಾವುದು, ಎಷ್ಟು ಸಲ, ಯಾವಾಗ ಆಸ್ಪತ್ರೆಗೆ ಓಡಬೇಕು. ಅದನ್ನು ಗೋಡೆಗೆ ಅಂಟಿಸಿ. ಗಂಡ, ಅತ್ತೆ, ಪಕ್ಕದ ಮನೆಯವರಿಗೂ ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಹಾಕಿ ಇನ್ಹೇಲರ್ ಕೊಡುವುದನ್ನು ಕಲಿಸಿ. ಆಗ ಪಾಳಿ ಹಾಕಿಕೊಂಡು ಮಲಗಬಹುದು. ಅಮ್ಮನಿಗೂ ನಿದ್ದೆ ಬೇಕು, ಅಲ್ವಾ? ಇನ್ಹೇಲರ್ ಚಟ ಹಿಡಿಯುತ್ತದೆ ಅನ್ನುವ ಮಾತು ಸುಳ್ಳು. ಮಗು ಹುಷಾರಾಗಿದೆ ಅಂತ ಡಾಕ್ಟರನ್ನು ಕೇಳದೆ ದಿನದ ಔಷಧಿ ನಿಲ್ಲಿಸಬೇಡಿ.

ದುಡ್ಡಿನ ಚಿಂತೆ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಬಚ್ಚಲ ಒಲೆಯ ಹೊಗೆಯ ಹತ್ತಿರ ಮಗುವನ್ನು ಬಿಡಬೇಡಿ.

ಮಾತಾಡಲು ಉಸಿರು ಸಾಲದಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ನಮ್ಮ ಘಾಟಿ ರಸ್ತೆಯಲ್ಲಿ ಗಾಡಿ ಬರಲು ಹೊತ್ತಾಗುತ್ತದೆ. ಅಲ್ಲಿವರೆಗೆ ಮಗುವನ್ನು ಕೂರಿಸಿಕೊಂಡು, ಬರೆದುಕೊಟ್ಟ ಹಾಗೆ ಉಬ್ಬಸದ ಇನ್ಹೇಲರ್ ಕೊಡುತ್ತಿರಿ.

ನಿಮಗೇ ನಿದ್ದೆ ಬಾರದೆ, ಸುಮ್ನೆ ಅಳು ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.