ಕಸಿಯಾದ ಶ್ವಾಸಕೋಶ: ಏದುಸಿರು ಬರುವವರೆಗೆ ಕಾಯಬೇಡಿ

ಶ್ವಾಸಕೋಶ ಕಸಿ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ ಹೊಸ ಶ್ವಾಸಕೋಶದ ಶಕ್ತಿ ಕುಗ್ಗತೊಡಗುತ್ತದೆ. ವೈದ್ಯರು ಇದನ್ನು ‘ಕ್ಲಾಡ್’ (ಕಸಿಯಾದ ಶ್ವಾಸಕೋಶದ ದೀರ್ಘಕಾಲದ ವೈಫಲ್ಯ) ಎನ್ನುತ್ತಾರೆ. ಆರಂಭದಲ್ಲಿ ಕೆಮ್ಮು, ದಮ್ಮು ಯಾವುದೂ ಕಾಣಿಸದಿರಬಹುದು. ಹೋದ ಶಕ್ತಿ ಮರಳುವುದು ಅಪರೂಪ. ಆದ್ದರಿಂದಲೇ ಮನೆಯಲ್ಲಿ ದಿನವೂ ಊದಿ ನೋಡುವುದನ್ನು ಮಾತ್ರೆಯಷ್ಟೇ ಮುಖ್ಯವೆಂದು ಎಣಿಸಬೇಕು.

ಮೊದಲು ಊದಿದ ಗಾಳಿಯನ್ನು ಅಳೆಯುವ ಉಪಕರಣ, ಸ್ಪೈರೋಮೀಟರ್ ಒಂದನ್ನು ಇಟ್ಟುಕೊಳ್ಳಿ. ನಿತ್ಯ ಒಂದೇ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಎದೆ ತುಂಬ ಉಸಿರೆಳೆದು, ತುಟಿಯ ಸಂದಿಯಲ್ಲಿ ಗಾಳಿ ಸೋರದಂತೆ ಕೊಳವೆ ಹಿಡಿದು ಒಮ್ಮೆಲೇ ಬಿರುಸಾಗಿ ಊದಿ. ಉಸಿರು ಮುಗಿಯಿತು ಎನಿಸಿದ ಮೇಲೂ ಊದುತ್ತಿರಿ. ಮೂರು ಸಲ ಊದಿ, ಎಫ್‌ಇವಿ-1ರ ದೊಡ್ಡ ಅಂಕಿಯನ್ನು ಬರೆದಿಡಿ. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯ ಅಳತೆ ಅದು. ನಿಮ್ಮ ಉತ್ತಮ ಮಟ್ಟ 3 ಲೀಟರ್ ಎಂದುಕೊಳ್ಳಿ. ಎರಡು ದಿನ 2.7ಕ್ಕಿಂತ ಮೇಲೇರದಿದ್ದರೆ ಅಂದೇ ಕಸಿ ಕೇಂದ್ರಕ್ಕೆ ಫೋನ್ ಮಾಡಿ. ಶೇ 20ರಷ್ಟು, ಅಂದರೆ 2.4ಕ್ಕೆ ಇಳಿದು ಅಲ್ಲೇ ನಿಂತರೆ ವೈದ್ಯರು ಸಿ.ಟಿ., ಬ್ರಾಂಕೋಸ್ಕೋಪಿ (ಉಸಿರುನಾಳಕ್ಕೆ ನಳಿಗೆ ಇಳಿಸಿ ನೋಡುವುದು), ಕಸಿಯ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ ಮಾಡಿಸಿ ಸೋಂಕು, ತೀವ್ರ ತಿರಸ್ಕಾರದಂಥ (ದೇಹ ಕಸಿಯನ್ನು ಒಪ್ಪದೆ ಏಕಾಏಕಿ ದಾಳಿ ಮಾಡುವುದು) ಕಾರಣಗಳನ್ನು ಹುಡುಕುತ್ತಾರೆ. ಬೇರೆ ಕಾರಣವಿಲ್ಲದೆ ಮೂರು ತಿಂಗಳು ಕುಸಿತ ಉಳಿದರೆ ಕ್ಲಾಡ್ ಖಚಿತ.

ಇನ್ನು ಮಾತ್ರೆ. ದೇಹ ಕಸಿಯ ಮೇಲೆ ದಾಳಿ ಮಾಡದಂತೆ ತಡೆಯುವ, ದಿನಕ್ಕೆರಡು ಬಾರಿಯ ಟ್ಯಾಕ್ರೊಲಿಮಸ್ ಅನ್ನು 12 ಗಂಟೆಗಳ ಅಂತರದಲ್ಲಿ ನುಂಗಬೇಕು. ಅದರ ಮಟ್ಟ ನೋಡುವ ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾದರೂ ನಿಮಗಲ್ಲ. ಅದು ರಕ್ತದಲ್ಲಿ ಈ ಔಷಧದ ಮಟ್ಟವನ್ನು ಏರಿಸಬಲ್ಲದು. ಶಿಲೀಂಧ್ರ ಸೋಂಕಿನ ಔಷಧ ಫ್ಲುಕೊನಜೋಲ್, ಆ್ಯಂಟಿಬಯೋಟಿಕ್ ಕ್ಲಾರಿಥ್ರೋಮೈಸಿನ್ ಕೂಡ ಹಾಗೆಯೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದೇ ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ. ಆಗ ದೇಹ ಕಸಿಯ ಮೇಲೆ ತಿರುಗಿಬೀಳುತ್ತದೆ. ಕ್ಷಯ ಇಷ್ಟೊಂದಿರುವ ನಮ್ಮ ದೇಶದಲ್ಲಿ ಇದನ್ನು ಒತ್ತಿ ಹೇಳಲೇಬೇಕು: ಕಸಿ ತಂಡವನ್ನು ಕೇಳದೆ ಹೊಸ ಔಷಧ, ಕಷಾಯ ಯಾವುದೂ ಬೇಡ.

ಹೊಟ್ಟೆಯ ಆಮ್ಲ ಮೇಲೇರಿ ಉಸಿರುನಾಳಕ್ಕೆ ಜಿನುಗಿದರೂ ಕಸಿಗೆ ಪೆಟ್ಟು. ಮಲಗುವ ಮೂರು ಗಂಟೆ ಮೊದಲೇ ಊಟ ಮುಗಿಸಿ, ಮಂಚದ ತಲೆಭಾಗ ಎತ್ತರಿಸಿ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾದೀತು. ಗೊಬ್ಬರದ ಗುಂಡಿ, ಬೂಷ್ಟು ಹಿಡಿದ ಹುಲ್ಲಿನ ಬಳಿ ಸುಳಿಯಬೇಡಿ. ಫ್ಲೂ ಲಸಿಕೆ ವರ್ಷವೂ ಇರಲಿ, ಜೀವಂತ ರೋಗಾಣುವಿನ ಲಸಿಕೆ ಬೇಡ.

ಕುಸಿತ ಶುರುವಾದರೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ ಅಜಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ಎರಡು ತಿಂಗಳು ನೋಡುತ್ತಾರೆ. ಅದು ಹೃದಯದ ಲಯ ಕೆಡಿಸಬಹುದಾದ್ದರಿಂದ ಇಸಿಜಿ ತಪ್ಪಿಸಬೇಡಿ. ಫಲ ಕಾಣದಿದ್ದರೆ ರಕ್ತದ ಬಿಳಿಕಣಗಳನ್ನು ಹೊರತೆಗೆದು ಬೆಳಕಿನಿಂದ ಸಂಸ್ಕರಿಸಿ ಮರಳಿಸುವ ಫೋಟೊಫೆರೆಸಿಸ್ ಇದೆ. ಇಳಿಕೆ ನಿಂತರೆ ಅದೇ ದೊಡ್ಡ ಗೆಲುವು. ಕೆಲವರಿಗಷ್ಟೇ ಮರುಕಸಿ ಸಾಧ್ಯ. ಆ ಮಾತನ್ನು ಕಾಲಲ್ಲಿ ಕಸುವಿರುವಾಗಲೇ, ಆಕ್ಸಿಜನ್ ಸಿಲಿಂಡರ್ ಮನೆಗೆ ಬರುವ ಮೊದಲೇ ವೈದ್ಯರೊಡನೆ ಎತ್ತಿ.