ಆರು ನಿಯಮ ಪುಸ್ತಕ ಆಡಿ ನೋಡಿ ಒಂದನ್ನು ಉಳಿಸಿಕೊಂಡೆವು

ನಮ್ಮ ಗುಂಪಿನಲ್ಲಿ ಮಿನಿಯೇಚರ್ ಯುದ್ಧದಾಟ, ಅಂದರೆ ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ದಾಳ ಹಾಕಿ ಆಡುವ ಯುದ್ಧ, ಶುರುವಾಗಿ ಹದಿನಾಲ್ಕು ತಿಂಗಳಾಯಿತು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಮೈಸೂರಿನ ಸರಸ್ವತಿಪುರಂನ ಗೆಳೆಯನ ಮನೆ ಮಹಡಿಯಲ್ಲಿ ಸೇರುತ್ತೇವೆ. ಈಗ ಒಂಬತ್ತು ಜನ ಇದ್ದೇವೆ. ಶುರುವಿನಲ್ಲಿ ನಾಲ್ಕೇ ಜನ. "ಒಂದು ತಿಂಗಳು ಆಡ್ತೀರಿ, ಆಮೇಲೆ ಎಲ್ಲಾ ಅಟ್ಟ ಸೇರುತ್ತೆ" ಅಂದವರೇ ಜಾಸ್ತಿ. ಬೆಂಗಳೂರಿನಲ್ಲಿ ತುಂಬ ವರ್ಷದಿಂದ ಆಡುವ ಒಬ್ಬರು ಫೋನಿನಲ್ಲಿ, "ಎಲ್ಲರೂ ಆಡೋದನ್ನೇ ಆಡಿ, ನೀವೇ ನಿಯಮ ಆರಿಸ್ತೀವಿ ಅಂತ ಕೂತ್ರೆ ಗುಂಪೇ ಒಡೆದುಹೋಗುತ್ತೆ" ಅಂದಿದ್ದರು. ಗುಂಪು ಒಡೆಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದುಕೊಂಡ ಕತೆ ಹೇಳಿಬಿಡುತ್ತೇನೆ. ಗುಂಪು ಹೀಗೆ ಸೇರುವುದಕ್ಕೂ ಮುಂಚೆ, 2022ರಲ್ಲಿ, ನಾವು ನಾಲ್ಕು ಜನ ದುಡ್ಡು ಸೇರಿಸಿ ಹೊರದೇಶದಿಂದ ಒಂದು ದೊಡ್ಡ ಪೆಟ್ಟಿಗೆ ತರಿಸಿದೆವು. ಪೆಟ್ಟಿಗೆಗೆ ಹನ್ನೊಂದು ಸಾವಿರದ ಹತ್ತಿರ ಆಯಿತು. ಕೊರಿಯರ್‌ನವನು ಬಾಗಿಲಲ್ಲಿ ನಿಂತು ಇನ್ನೂ ಆರು ಸಾವಿರ ಚಿಲ್ಲರೆ ಕೇಳಿದ. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿದ್ದನ್ನು ಪೇಪರಿನಲ್ಲಿ ಓದಿದ್ದೆ, ಅದರ ಬಿಸಿ ತಟ್ಟಿದ್ದು ಅವತ್ತು. ಒಂದೂವರೆ ವರ್ಷಕ್ಕೆ ಆ ಆಟದ ಹೊಸ ಆವೃತ್ತಿ ಬಂತು. ನಮ್ಮ ಹತ್ತಿರ ಇದ್ದ ಪುಸ್ತಕ, ಕಾರ್ಡು ಎಲ್ಲವೂ ಹಳೆಯದಾದವು. ಅಷ್ಟರಲ್ಲಿ ನಾವು ಆಡಿದ್ದು ಬರೀ ಐದು ಆಟ. ಒಂದು ಆಟಕ್ಕೆ ಮೂರು ಸಾವಿರಕ್ಕಿಂತ ಜಾಸ್ತಿ ಬಿತ್ತು ಅಂತ ಲೆಕ್ಕ ಹಾಕಿದ ದಿನ ತೀರ್ಮಾನ ಮಾಡಿದೆ: ಇನ್ನು ಮುಂದೆ ಗೊಂಬೆ ಕೊಂಡು ಆಟ ಹುಡುಕುವುದಲ್ಲ, ಇರುವ ಗೊಂಬೆಗೆ, ಇರುವ ಜನಕ್ಕೆ, ಇರುವ ಹೊತ್ತಿಗೆ ಒಗ್ಗುವ ನಿಯಮ ಹುಡುಕುವುದು.

ಹೊತ್ತು ಅಂದರೆ ನಮಗೆ ನಿಜವಾಗಿಯೂ ಗಡಿಯಾರದ ಮಾತು. ಆರೂಕಾಲಿಗೆ ಅದೇ ಹಾಲ್‌ನಲ್ಲಿ ಗೆಳೆಯನ ಅಮ್ಮ ಸಂಗೀತ ಪಾಠ ಶುರು ಮಾಡುತ್ತಾರೆ. ಮಂಡ್ಯದಿಂದ ಬರುವ ಇಬ್ಬರಿಗೆ ವಾಪಸ್ ಬಸ್ ಹಿಡಿಯಬೇಕು. ಮೇಜು ಜೋಡಿಸಿ, ಆಡಿ, ಎತ್ತಿಟ್ಟು, ಜಮಖಾನ ಹಾಸಿಕೊಡುವಷ್ಟರಲ್ಲಿ ಆಟಕ್ಕೆ ಉಳಿಯುವುದು ಎರಡೂಕಾಲು ಗಂಟೆ. ಪುಸ್ತಕದ ಹಿಂಬದಿಯಲ್ಲಿ ಏನೇ ಬರೆದಿರಲಿ, ನಮ್ಮ ಹಾಲ್‌ನಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದೇ ಲೆಕ್ಕ.

ಹಾಗಾಗಿ ಒಂದೇ ಯುದ್ಧವನ್ನು ಬೇರೆ ಬೇರೆ ನಿಯಮದಲ್ಲಿ ಆಡಿಸಿದೆ. ಮಧ್ಯೆ ಒಂದು ಹಳ್ಳ, ಒಂದು ಸೇತುವೆ, ಆ ಕಡೆ ಗುಡ್ಡ, ಈ ಕಡೆ ಊರು. ಎರಡೂ ಕಡೆ ಅದೇ ಸೈನ್ಯ, ಸಣ್ಣ ಆಟಗಳಿಗೆ ಮಾತ್ರ ಅದರಲ್ಲೇ ಎಂಟು ಹತ್ತು ಗೊಂಬೆ. ಒಂದೊಂದಕ್ಕೂ ಎರಡು ಭಾನುವಾರ. ಮೊದಲನೆಯದು ಕಲಿಯೋಕೆ, ಎರಡನೆಯದು ಮಾತ್ರ ಲೆಕ್ಕಕ್ಕೆ. ನಾನು ಆಡಲಿಲ್ಲ, ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಇದು ಮುಖ್ಯ. ಆಡುತ್ತಾ ಕೂತರೆ ನಾವು ಗೆದ್ದ ಆಟವೇ ಒಳ್ಳೆಯ ಆಟ ಅನಿಸಿಬಿಡುತ್ತೆ. ನಾನು ಬರೆದುಕೊಂಡಿದ್ದು ಮೂರೇ: ಎಷ್ಟು ಹೊತ್ತಾಯಿತು, ಪುಸ್ತಕ ಎಷ್ಟು ಸಲ ತೆರೆದರು, "ಮುಂದಿನ ವಾರಾನೂ ಇದೇ ಆಡೋಣ" ಅಂತ ಕೇಳದೆಯೇ ಎಷ್ಟು ಜನ ಅಂದರು.

ಮೊದಲ ಪರೀಕ್ಷೆ ಆ ಹಳೇ ಪೆಟ್ಟಿಗೆಯದ್ದೇ. ಪುಸ್ತಕ ಮೂವತ್ತು ಸಲಕ್ಕೂ ಜಾಸ್ತಿ ತೆರೆದರು. ಮಂಡ್ಯದ ಗೆಳೆಯ, "ಇದೇನ್ಲಾ, ಓದಕ್ ಬಂದ್ವೋ ಆಡಕ್ ಬಂದ್ವೋ?" ಅಂದ. ಆ ಮಾತನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ.

ಫ್ರಾಸ್ಟ್‌ಗ್ರೇವ್ ಬಗ್ಗೆ ನನಗೆ ತುಂಬ ಆಸೆ ಇತ್ತು. ಆಸ್ಪ್ರೆ ಪ್ರಕಾಶನದವರು 2015ರಲ್ಲಿ ತಂದ ಪುಸ್ತಕ. ಮಾಂತ್ರಿಕ, ಅವನ ಶಿಷ್ಯ, ಒಂದಷ್ಟು ಆಳುಗಳು, ಎಲ್ಲಾ ಸೇರಿ ಹತ್ತು ಗೊಂಬೆ ಸಾಕು. ಮೂರಡಿ ಮೇಜು ಸಾಕು. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತೆ. ಆಟ ಚೆನ್ನಾಗಿದೆ. ಆದರೆ ಅದರ ರುಚಿ ಇರುವುದು ವಾರದಿಂದ ವಾರಕ್ಕೆ ಮಾಂತ್ರಿಕನನ್ನು ಬೆಳೆಸುವುದರಲ್ಲಿ. ನಮ್ಮಲ್ಲಿ ಒಬ್ಬನಿಗೆ ಮದುವೆ ಮನೆ, ಇನ್ನೊಬ್ಬನಿಗೆ ಮಗಳ ಪರೀಕ್ಷೆ, ಮತ್ತೊಬ್ಬನಿಗೆ ಕಬ್ಬು ಕಟಾವು. ಎರಡು ವಾರ ತಪ್ಪಿಸಿಕೊಂಡವನು ಹಿಂದೆ ಬೀಳುತ್ತಾನೆ, ಹಿಂದೆ ಬಿದ್ದವನು ಬರುವುದನ್ನೇ ಬಿಡುತ್ತಾನೆ. ಪ್ರತಿವಾರ ಎಲ್ಲರೂ ಬರುವ ಗುಂಪಿದ್ದರೆ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ.

ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್ ಅಗ್ಗದ ಪಿಡಿಎಫ್. ಇಟಲಿಯ ಪ್ರಕಾಶಕರ ಹೆಸರು ಗಣೇಶ ಗೇಮ್ಸ್, ಹೆಸರು ಕೇಳಿಯೇ ನಮ್ಮವರಿಗೆ ಅರ್ಧ ಪ್ರೀತಿ ಬಂತು. ಒಂದು ಗೊಂಬೆ ನಡೆಸಲು ಒಂದು, ಎರಡು ಅಥವಾ ಮೂರು ದಾಳ ಹಾಕಬಹುದು. ಎರಡು ದಾಳ ಸೋತರೆ ಸರದಿ ಎದುರಾಳಿಗೆ. ಈ ಆಸೆ ಮತ್ತು ಭಯ ನಮ್ಮ ಚೌಕಾಬಾರ ಆಡಿದವರಿಗೆ ತಕ್ಷಣ ಹಿಡಿಸುತ್ತೆ. ಇಬ್ಬರಿಗೆ ಸೊಗಸು, ಆದರೆ ಆರು ಜನ ಒಂದೇ ಮೇಜಿನಲ್ಲಿ ಕೂತಾಗ ಕಾಯುವವರು ಮೊಬೈಲ್ ತೆಗೆದರು. ಹೊಸಬರಿಗೆ ಮೊದಲ ದಿನ ಈಗಲೂ ಇದನ್ನೇ ಆಡಿಸುತ್ತೇನೆ.

ಡ್ರ್ಯಾಗನ್ ರ‍್ಯಾಂಪಂಟ್‌ನಲ್ಲಿ ಒಂದು ತುಕಡಿಗೆ ಅಪ್ಪಣೆ ಕೊಟ್ಟು ದಾಳ ಸೋತರೆ ಇಡೀ ಸರದಿ ಮುಗಿಯಿತು. ನಮ್ಮ ಗುಂಪಿನ ಹದಿನಾಲ್ಕು ವರ್ಷದ ಹುಡುಗನಿಗೆ ಸತತವಾಗಿ ಮೂರು ಸಲ ಮೊದಲ ದಾಳವೇ ಕೈಕೊಟ್ಟಿತು. ಇಪ್ಪತ್ತೈದು ನಿಮಿಷ ಆ ಮಗು ಗೊಂಬೆ ಮುಟ್ಟಲಿಲ್ಲ. ದೊಡ್ಡವರು ತಡೆದುಕೊಳ್ಳುತ್ತಾರೆ, ಅವನ ಮುಖ ನೋಡಲು ನನಗೇ ಆಗಲಿಲ್ಲ.

ಒನ್ ಪೇಜ್ ರೂಲ್ಸ್‌ನವರ ಏಜ್ ಆಫ್ ಫ್ಯಾಂಟಸಿ ಕೊನೆಯವರೆಗೂ ಪೈಪೋಟಿ ಕೊಟ್ಟಿತು. ಮೂಲ ನಿಯಮ ಪುಕ್ಕಟೆ ಸಿಗುತ್ತೆ, ಒಬ್ಬರಾದ ಮೇಲೆ ಒಬ್ಬರು ತುಕಡಿ ನಡೆಸುವುದರಿಂದ ಯಾರೂ ಸುಮ್ನೆ ಕೂರುವುದಿಲ್ಲ. ನಮಗೆ ತೊಡಕಾಗಿದ್ದು ಒಂದೇ, ಸತ್ತ ಗೊಂಬೆಗಳನ್ನು ಒಂದೊಂದಾಗಿ ತೆಗೆಯಬೇಕು. ಅರವತ್ತು ಗೊಂಬೆ ತೆಗೆಯುವುದು, ಬೀಳಿಸುವುದು, ಮತ್ತೆ ನಿಲ್ಲಿಸುವುದು. ಎರಡನೇ ಭಾನುವಾರ ಆಟಕ್ಕೆ ಮೂರು ಗಂಟೆಗೂ ಜಾಸ್ತಿ ಹೊತ್ತು ಹಿಡಿಯಿತು. ಕೆಳಗೆ ತಂಬೂರಿ ಶ್ರುತಿ ಮಾಡುವ ಸದ್ದು ಕೇಳುತ್ತಿತ್ತು.

ಕೊನೆಗೆ ಕಿಂಗ್ಸ್ ಆಫ್ ವಾರ್. ಮ್ಯಾಂಟಿಕ್ ಕಂಪನಿಯವರದ್ದು, ನಾವು ಆಡಿದ್ದು 2019ರ ಮೂರನೇ ಆವೃತ್ತಿ. ಇದನ್ನು ಕೊನೆಗಿಟ್ಟಿದ್ದೇ ಯಾಕೆ ಅಂದರೆ ದೊಡ್ಡ ಸೈನ್ಯ ಬೇಕು, ದುಡ್ಡು ಜಾಸ್ತಿ ಅಂತ ಎಲ್ಲರೂ ಹೆದರಿಸಿದ್ದರು. ಅವರು ಹೇಳಿದ್ದು ಉಲ್ಟಾ ಆಯಿತು. ಇಲ್ಲಿ ಒಂದು ತುಕಡಿ ಅಂದರೆ ಒಂದು ಟ್ರೇ. ಗೊಂಬೆ ಸಾಯುವುದಿಲ್ಲ, ತುಕಡಿಗೆ ಬಿದ್ದ ಏಟು ಎಣಿಸುತ್ತೇವೆ. ಇಪ್ಪತ್ತು ಕಾಲಾಳಿನ ತುಕಡಿಗೆ 100 ಮಿ.ಮೀ. ಅಗಲ, 80 ಮಿ.ಮೀ. ಆಳದ ಜಾಗ. ಅದರ ಮೇಲೆ ಏನು ನಿಲ್ಲಿಸಿದರೂ ಮನೆಯ ಆಟ ನಡೆಯುತ್ತೆ. ದಾಳ ಉರುಳಿಸುವುದು ಸರದಿ ಇರುವವನು ಮಾತ್ರ. ಹಾಗಾಗಿ ಚೆಸ್ ಗಡಿಯಾರ ಇಡಬಹುದು! ಒಂದೊಂದು ಕಡೆಗೆ ಐವತ್ತೈದು ನಿಮಿಷ ಇಟ್ಟೆ. ಎರಡನೇ ಭಾನುವಾರ ಒಂದು ಗಂಟೆ ಐವತ್ತು ನಿಮಿಷದೊಳಗೆ ಮುಗಿಯಿತು, ಪುಸ್ತಕ ತೆರೆದದ್ದು ನಾಲ್ಕು ಸಲ.

ಟ್ರೇ ಮೇಲೆ ಏನಿತ್ತು ಅಂತ ಕೇಳುತ್ತೀರಿ ಅಲ್ವಾ? ಚನ್ನಪಟ್ಟಣದ ಹತ್ತಿರ ಲೇತ್ ಇಟ್ಟುಕೊಂಡಿರುವ ಒಬ್ಬರಿಂದ ಬಣ್ಣ ಹಾಕದ ಹಾಲೆ ಮರದ ಪುಟ್ಟ ಗೊಂಬೆಗಳನ್ನು ಮಾಡಿಸಿದೆ. ಒಂದು ಅಂಗುಲಕ್ಕಿಂತ ಸ್ವಲ್ಪ ಎತ್ತರ, ದುಂಡು ತಲೆ, ಅಷ್ಟೇ. ಒಂದಕ್ಕೆ ನಾಲ್ಕು ರೂಪಾಯಿ, ಮುನ್ನೂರು ಗೊಂಬೆಗೆ ಸಾವಿರದಿನ್ನೂರು. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಟ್ರೇ ಲೇಸರ್‌ನಲ್ಲಿ ಕತ್ತರಿಸಲು ಒಂದಕ್ಕೆ ಹನ್ನೆರಡೋ ಹದಿನಾಲ್ಕೋ. ಪ್ಲೈವುಡ್ ಮೇಜು ಸೇರಿ ಎಲ್ಲಾ ಲೆಕ್ಕ ಹಾಕಿದರೂ ಆರು ಸಾವಿರ ದಾಟಲಿಲ್ಲ. ಅಂದರೆ ಆ ಕೊರಿಯರ್‌ನವನಿಗೆ ಕೊಟ್ಟಿದ್ದಕ್ಕಿಂತ ಕಡಿಮೆ.

ಏಟು ಎಣಿಸಲು ಹುಣಸೆ ಬೀಜ. ಅಳುಕಿದ ತುಕಡಿಗೆ ಗುರುತು ಗುಲಗಂಜಿ, ಕೆಂಪು ಕಪ್ಪು ಎದ್ದು ಕಾಣುತ್ತೆ. ಗುಲಗಂಜಿ ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ, ನಾವು ಎಣಿಸಿ ಡಬ್ಬಿಗೆ ಹಾಕುತ್ತೇವೆ. ನಿಯಮಗಳ ಸಾರವನ್ನು ನನ್ನದೇ ಮಾತಿನಲ್ಲಿ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿದೆ. ಪಕ್ಕದಿಂದ ನುಗ್ಗಿದರೆ ಹೊಡೆಯುವ ದಾಳ ಎರಡರಷ್ಟು, ಬೆನ್ನಿಗೆ ನುಗ್ಗಿದರೆ ಮೂರರಷ್ಟು. ಈ ಒಂದು ಸಾಲು ಸಾಕು, ಮಂಡ್ಯದವರು ಹಳ್ಳ ಸುತ್ತಿಕೊಂಡು ಬರಲು ಶುರು ಮಾಡಿದರು.

ನಡುವೆ ಎರಡು ಬೇರೆ ಪ್ರಯೋಗವೂ ಆದವು. ಆಲೆಮನೆಯಿಂದ ಕಬ್ಬಿನ ಸಿಪ್ಪೆ ತಂದು ಒಣಗಿಸಿ ಊರಿನ ಗುಡಿಸಲಿಗೆ ಸೂರು ಹೊದಿಸಿದೆ. ನೋಡಲು ಅಚ್ಚು ಹುಲ್ಲಿನ ಮನೆ. ಮೂರನೇ ದಿನ ಇರುವೆ ಸಾಲು ಗೋಡೆ ಹತ್ತಿ ಬಂತು. ಈಗ ತೆಂಗಿನ ನಾರು ಬಳಸುತ್ತೇನೆ. ಹುಲ್ಲಿಗೆ ಮರದ ಹೊಟ್ಟು ಮತ್ತು ರಂಗೋಲಿ ಬಣ್ಣ. ಹೊಟ್ಟಿಗೆ ಬಣ್ಣ ಗಟ್ಟಿಯಾಗಿ ಹಿಡಿಯಲು ನಾನು ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಇನ್ನೊಂದು, ದಾಳದ ಬದಲು ನಾಲ್ಕು ಕವಡೆ ಹಾಕಿ ನೋಡಿದೆ. ಇನ್ನೂರು ಸಲ ಎಸೆದು ಬರೆದಿಟ್ಟೆ. ಒಂದು ಸೆಟ್ ಕವಡೆಯಲ್ಲಿ ಬಾರ ಇಪ್ಪತ್ತು ಸಲ ಬಿದ್ದರೆ ಚೌಕ ಎಂಟು ಸಲ, ಇನ್ನೊಂದು ಸೆಟ್ಟಿನ ಲೆಕ್ಕವೇ ಬೇರೆ. ಯುದ್ಧಕ್ಕೆ ಅದು ನ್ಯಾಯವಲ್ಲ. ಮೊದಲ ಸರದಿ ಯಾರದ್ದು ಅಂತ ತೀರ್ಮಾನಿಸಲು ಮಾತ್ರ ಉಳಿಸಿಕೊಂಡೆವು.

ಈ ಆಟವೇ ನಮಗೆ ಅಂತ ನನಗೆ ಖಾತ್ರಿಯಾಗಿದ್ದು ಒಂದು ಏಟಿನಲ್ಲಿ. ಐದೂ ಐವತ್ತು. ಸೇತುವೆ ಮೇಲೆ ಮಂಡ್ಯದ ಗೆಳೆಯನ ಕಾಲಾಳು ತುಕಡಿ, ಟ್ರೇ ಮೇಲೆ ಒಂಬತ್ತು ಹುಣಸೆ ಬೀಜ. ಅದರ ಧೈರ್ಯದ ಅಂಕ 13/15. ಎರಡು ದಾಳದ ಮೊತ್ತಕ್ಕೆ ಒಂಬತ್ತು ಸೇರಿ ಹದಿನೈದೋ ಅದಕ್ಕಿಂತ ಜಾಸ್ತಿಯೋ ಆದರೆ ತುಕಡಿ ಚದುರುತ್ತೆ, ಹದಿಮೂರೋ ಹದಿನಾಲ್ಕೋ ಆದರೆ ಅಳುಕುತ್ತೆ. ಹುಡುಗನ ಗಡಿಯಾರದಲ್ಲಿ ಉಳಿದಿದ್ದು ನಲವತ್ತು ಸೆಕೆಂಡು. ದಾಳ ಉರುಳಿ ಒಂದು ಎರಡಕ್ಕೆ ನಿಂತಿತು, ಇನ್ನೊಂದು ಮೇಜಿನ ಅಂಚಿಗೆ ಹೋಗಿ ಮೂರು ತೋರಿಸಿತು. ಹದಿನಾಲ್ಕು. ಹುಡುಗ ಗುಲಗಂಜಿ ಎತ್ತಿ ಟ್ರೇ ಮೇಲೆ ಇಟ್ಟ. ಅಳುಕಿದ ತುಕಡಿ ನುಗ್ಗುವ ಹಾಗಿಲ್ಲ, ಗೆಳೆಯನಿಗೆ ಸೇತುವೆ ದಾಟಲಾಗಲಿಲ್ಲ. ಗೆಳೆಯ ಐದು ಸೆಕೆಂಡು ಬೀಜಗಳನ್ನೇ ನೋಡಿ, "ಬರೋ ವಾರ ಸೇತುವೆ ಕಡೆ ಬರಲ್ಲ ಕಣ್ಲಾ, ಗುಡ್ಡದ ಕಡೆಯಿಂದ ಬತ್ತೀನಿ" ಅಂದ. ನೋಟ್‌ಬುಕ್‌ನಲ್ಲಿ "ಮುಂದಿನ ವಾರಾನೂ ಇದೇ" ಅಂದವರ ಕಲಮಿನಲ್ಲಿ ಅವತ್ತು ಆರಕ್ಕೆ ಆರೂ ಗೀಟು ಹಾಕಿದೆ.

ಹೊಸಬರು ಹಳಬರ ಎದುರು ಸೋತು ಬೇಸರಪಡದ ಹಾಗೆ ಅಂಕ ಹಂಚುವ ಒಂದು ಲೆಕ್ಕವನ್ನೂ ಮಾಡಿಕೊಂಡಿದ್ದೇನೆ. ಅದು ಬೇಕಾದವರು ಒಂದು ಭಾನುವಾರ ಬಂದು ಎದುರು ಕೂತು ಆಡಲಿ, ಆಗ ಹೇಳುತ್ತೇನೆ. ಹಳೇ ಪೆಟ್ಟಿಗೆಯ ಪ್ಲಾಸ್ಟಿಕ್ ಸೈನಿಕರೂ ಈಗ ಸುಮ್ನೆ ಕೂತಿಲ್ಲ, ಮರದ ಗೊಂಬೆಗಳ ಮುಂದೆ ಒಬ್ಬೊಬ್ಬರಾಗಿ ನಾಯಕರಾಗಿ ನಿಂತಿದ್ದಾರೆ. ಅಟ್ಟ ಸೇರುತ್ತೆ ಅಂದವರಲ್ಲಿ ಒಬ್ಬರು ಹೋದ ತಿಂಗಳು ನೂರು ಗೊಂಬೆ ಮಾಡಿಸಿಕೊಡಿ ಅಂತ ಮುಂಗಡ ಕೊಟ್ಟು ಹೋಗಿದ್ದಾರೆ. ಲೇತ್‌ನವರು ದಸರಾ ಕೆಲಸ ಮುಗಿಯಲಿ ಅಂದಿದ್ದಾರೆ.